ಒಣಗಿಸಿ ಒಪ್ಪಿಸಬೇಕಾದ ಗುಂಡಿ

ಬಹಳ ಹಿಂದೆ, ಬೆಂಕಿಗಿನ್ನೂ ಹೊಗೆ ಹುಟ್ಟದಿದ್ದ ಕಾಲದಲ್ಲಿ, ಒಬ್ಬ ರಕ್ಕಸನಿದ್ದ. ಅವನ ಮನೆಯ ಒಳಗೆ ಹೋಗಲು ಏಳಾಳೆತ್ತರದ ಬಾಗಿಲು. ಹೊರಗೆ ಬರಲು ಒಂದು ಕಿಂಡಿಯೂ ಇಲ್ಲ. ಸಿಕ್ಕಿಕೊಂಡವರು ಬಿಟ್ಟುಬಿಡಪ್ಪಾ ಎಂದು ಕಾಲಿಗೆ ಬಿದ್ದರೆ ಅವನು ಹಲ್ಲು ಕಿರಿದು ಒಂದೇ ಮಾತು ಹೇಳುತ್ತಿದ್ದ: ಹಿತ್ತಲಲ್ಲೊಂದು ಬಾವಿಯಿದೆ, ಅದನ್ನು ಒಣಗಿಸು, ಆಮೇಲೆ ಹೋಗು. ಎಷ್ಟು ಸೇದಿದರೂ ಆ ಬಾವಿ ಬತ್ತುತ್ತಿರಲಿಲ್ಲ. ಕೊನೆಗೆ ಒಬ್ಬಳು ಹುಡುಗಿ ಬಂದು...

ಈ ‘ಕೊನೆಗೆ’ ಎನ್ನುವಲ್ಲಿಗೆ ಅಜ್ಜಿಗೆ ನಿದ್ದೆ ಬಂದುಬಿಡುತ್ತಿತ್ತು. ನಾನು ಅವಳ ಅರ್ಧ ತೆರೆದ ಬಾಯಿಯನ್ನೇ ನೋಡುತ್ತ, ಉಳಿದ ಕಥೆ ಅಲ್ಲಿಂದ ತಾನಾಗಿ ಹೊರಬರುತ್ತದೇನೋ ಎಂದು ಕಾಯುತ್ತಿದ್ದೆ. ಬೆಳಿಗ್ಗೆ ಕೇಳಿದರೆ, “ಪೂರ್ತಿ ಹೇಳಿದ್ನಲ್ಲೇ, ನೀನೇ ನಿದ್ದೆ ಹೋದೆ” ಅನ್ನುತ್ತಿದ್ದಳು. ಈಗ ಅಜ್ಜಿ ಇಲ್ಲ. ಆ ಹುಡುಗಿ ಬಾವಿಯನ್ನು ಹೇಗೆ ಒಣಗಿಸಿದಳೋ ನನಗೆ ಗೊತ್ತಾಗಲೇ ಇಲ್ಲ.

ನಮ್ಮ ಪಾಲಿನ ರಕ್ಕಸನಿಗೆ ಕೋರೆಹಲ್ಲಿರಲಿಲ್ಲ. ಕರ್ಚೀಫಿತ್ತು.

ಅಪ್ಪನ ಹೋಟೆಲಿದ್ದ ಕಟ್ಟಡದ ಮಾಲೀಕ ಆತ. ಕೆಳಗೆ ನಾವು, ಎಂಟು ಮೇಜಿನ ಪುಟ್ಟ ಹೋಟೆಲು. ಮೇಲೆ ಅವರ ಆಫೀಸು, ಅದಕ್ಕೆ ಒತ್ತಿಕೊಂಡು ಅವರ ಸೊಸೆಯ ಬ್ಯೂಟಿ ಪಾರ್ಲರು. ನಮ್ಮ ಹೊಸ್ತಿಲು ದಾಟುವ ಮೊದಲೇ ಅವರ ಕೈ ಜೇಬಿಗೆ ಹೋಗಿ, ಮಡಿಕೆ ಮುರಿಯದ ಬಿಳಿ ಕರ್ಚೀಫು ಮೂಗಿನ ಮೇಲೆ ಕೂರುತ್ತಿತ್ತು. ಹಾಗಾಗಿ ನಾನಿಟ್ಟ ಹೆಸರೇ ಕರ್ಚೀಫು. ಅಪ್ಪನಿಗೆ ಇದು ಸರಿಬರುತ್ತಿರಲಿಲ್ಲ. ಪುಕ್ಕಟೆಯಾಗಿ ನೆಲಕ್ಕೆ ಟೈಲ್ಸ್ ಹಾಕಿಸಿಕೊಟ್ಟ ದೊಡ್ಡ ಮನುಷ್ಯರನ್ನು ಹಾಗನ್ನಬಾರದು ಎಂದು ಗದರುತ್ತಿದ್ದ. ಪ್ರತಿ ಶುಕ್ರವಾರ ಅವರಿಗೆಂದೇ ಒಂದು ಡಬ್ಬಿ ಊಟ ಕಟ್ಟಿ ಮೇಲೆ ಕಳಿಸುತ್ತಿದ್ದ. ಡಬ್ಬಿಯನ್ನು ಒಯ್ಯುತ್ತಿದ್ದವಳು ನಾನೇ. ಡಬ್ಬಿ ತೆರೆದಾಗ ಮಾತ್ರ ಆತ ಕರ್ಚೀಫು ತೆಗೆಯುತ್ತಿದ್ದರು.

ಆ ಟೈಲ್ಸಿನ ವಿಷಯ ಹೇಳಿಬಿಡುತ್ತೇನೆ. ಮೂರು ವರ್ಷದ ಹಿಂದೆ ನಮ್ಮ ಹಳೆಯ ಕರಾರು ಮುಗಿದಿತ್ತು. ಇನ್ನೈದು ವರ್ಷಕ್ಕೆ ಸಹಿ ಹಾಕಿ, ಹದಿನೈದು ದಿನ ಅಂಗಡಿ ಮುಚ್ಚಿ, ಅಡುಗೆಮನೆಯ ನೆಲವನ್ನು ನಾನೇ ಹೊಸದು ಮಾಡಿಸಿಕೊಡುತ್ತೇನೆ ಎಂದರು ಮಾಲೀಕರು. ಅಪ್ಪ ಕಣ್ಣಲ್ಲಿ ನೀರು ತಂದುಕೊಂಡು ಸಹಿ ಹಾಕಿದ. ಪಾತ್ರೆ ತೊಳೆದ ನೀರಿನ ಜಿಡ್ಡು ಹಿಡಿಯಲು ಅಡುಗೆಮನೆಯ ಮೂಲೆಯಲ್ಲೊಂದು ಗುಂಡಿಯಿದೆ. ಎರಡಡಿ ಅಗಲ, ಎರಡಡಿ ಆಳ, ಮೇಲೆ ಕಬ್ಬಿಣದ ಮುಚ್ಚಳ. ಇನ್ನುಮುಂದೆ ಅದಕ್ಕೆ ನೀವು ಕೈ ಹಾಕುವುದೇ ಬೇಡ, ತಿಂಗಳಿಗೊಮ್ಮೆ ನನ್ನ ಆಳೇ ಬಂದು ತೆಗೆಯುತ್ತಾನೆ ಎಂದೂ ಹೇಳಿದರು. ಅಪ್ಪ ಅವತ್ತು ಮನೆಗೆ ಬಂದು, ಇಂಥ ಮನುಷ್ಯರು ಈಗಲೂ ಇದ್ದಾರೆ ನೋಡು ಎಂದಿದ್ದ.

ನಾತ ಶುರುವಾದದ್ದು ಆಮೇಲೆ.

ಮೊದಲು ಒಂದು ಗಿರಾಕಿ ಮೂಗು ಸುಕ್ಕಿಸಿ ಎದ್ದುಹೋದ. ಆಮೇಲೆ ಒಂದು ಕುಟುಂಬ ಬಾಗಿಲಲ್ಲೇ ತಿರುಗಿತು. ಸತ್ತದ್ದು ಯಾವುದೋ ಸಾಬೂನು ಹಚ್ಚಿಕೊಂಡು ಬಂದು ಪಕ್ಕದಲ್ಲಿ ಕೂತ ಹಾಗಿನ ನಾತ ಅದು. ನಾಲಿಗೆಯ ಬುಡಕ್ಕೆ ಅಂಟಿ ಕೂರುತ್ತಿತ್ತು. ಅಪ್ಪ ಎಣ್ಣೆ ಬದಲಾಯಿಸಿದ. ಮೀನು ಬಿಟ್ಟ, ಮಾಂಸ ಬಿಟ್ಟ. ಫ್ರಿಜ್ಜಿನ ರಬ್ಬರನ್ನು ಕಿತ್ತು ತೊಳೆದ. ಎಷ್ಟು ತೊಳೆದರೂ ಹೋಗದಿದ್ದಾಗ ತನ್ನ ಮೈಯನ್ನೇ ಅನುಮಾನಿಸಿ ದಿನಕ್ಕೆ ಮೂರು ಸಲ ಸ್ನಾನ ಮಾಡತೊಡಗಿದ. ಕಣ್ಣು ಮುಚ್ಚಿಕೊಂಡು ಬರೀ ವಾಸನೆಯಲ್ಲಿ ಉಪ್ಪು ಹೆಚ್ಚೋ ಕಮ್ಮಿಯೋ ಹೇಳುತ್ತಿದ್ದವನು, ಕೊನೆಕೊನೆಗೆ ಹಾಲಿನ ಪಾತ್ರೆ ಹಿಡಿದು ನನ್ನ ಹತ್ತಿರ ಬರುತ್ತಿದ್ದ. “ಕೆಟ್ಟಿದ್ಯಾ ನೋಡು ಪುಟ್ಟಿ. ನನಗೆ ಗೊತ್ತಾಗಲ್ಲ ಈಗ.”

ಇಲ್ಲಿ ನನ್ನದೂ ಒಂದು ತಪ್ಪಿದೆ. ಗೆಳತಿ ಮನೆಗೆ ಬಂದಿದ್ದ ಸಂಜೆ ಅಪ್ಪ ಕೆಲಸ ಮುಗಿಸಿ ಬಂದಾಗ, ಬಾಗಿಲಲ್ಲೇ ತಡೆದು, ಹಿಂದಿನಿಂದ ಬಂದು ಬಟ್ಟೆ ಬದಲಾಯಿಸು ಎಂದಿದ್ದೆ. ಅವನು ಮನೆ ಸುತ್ತಿಕೊಂಡು ಹೋದ. ಅದನ್ನು ನೆನೆಸಿಕೊಂಡರೆ ಈಗಲೂ ಆ ಗುಂಡಿಗಿಂತ ಹೆಚ್ಚು ಹೇಸಿಗೆಯಾಗುತ್ತದೆ.

ಕೊನೆಗೆ ಅಂಗಡಿ ಮುಚ್ಚುವುದೆಂದು ತೀರ್ಮಾನವಾಯಿತು. ಆದರೆ ಮುಚ್ಚಲು ಮಾಲೀಕರು ಬಿಡಬೇಕಲ್ಲ. ಕರಾರಿನಲ್ಲಿ ಇನ್ನೂ ಎರಡು ವರ್ಷವಿತ್ತು. ಅಂಗಡಿ ನಡೆಸಿ, ನಡೆಸದೇ ಇರಿ, ಎರಡು ವರ್ಷದ ಬಾಡಿಗೆ ಬರಲೇಬೇಕು, ಇಲ್ಲವಾದರೆ ಕೋರ್ಟು ಎಂದರು. ಅಪ್ಪ ನಾಲ್ಕು ಸಲ ಮೇಲೆ ಹೋದ. ನಾಲ್ಕು ಸಲವೂ ಎದುರಿಗೆ ಖಾಲಿ ಕುರ್ಚಿಯಿದ್ದರೂ ನಿಂತೇ ಮಾತಾಡಿ ಬಂದ. ನಾಲ್ಕನೇ ಸಲ ಅವರು ಸ್ವಲ್ಪ ಕರಗಿದ ಹಾಗೆ ಮಾಡಿ ಒಂದು ಪಟ್ಟಿ ಕೊಟ್ಟರು. ಅಂಗಡಿಯನ್ನು ಎಂಟು ವರ್ಷದ ಹಿಂದೆ ಕೊಟ್ಟ ದಿನ ಹೇಗಿತ್ತೋ ಹಾಗೇ ಒಪ್ಪಿಸಿದರೆ ಕರಾರು ರದ್ದು ಮಾಡುವ ವಿಚಾರ ಮಾಡಬಹುದಂತೆ. ಗೋಡೆಗೆ ಸುಣ್ಣ, ಚಿಮಣಿಯ ಮಸಿ, ಬಾಗಿಲಿನ ಗೀರು, ಹೀಗೆ ಹದಿನಾಲ್ಕು ಬಾಬತ್ತು. ಕೊನೆಯದು: ಜಿಡ್ಡಿನ ಗುಂಡಿಯನ್ನು ಖಾಲಿ ಮಾಡಿ, ತೊಳೆದು, ಒಣಗಿಸಿ ಒಪ್ಪಿಸತಕ್ಕದ್ದು. ನನ್ನ ಆಳು ಇನ್ನು ಬರುವುದಿಲ್ಲ, ಬೇಕಾದರೆ ಅವನಿಗೆ ಬೇರೆ ಕೂಲಿ ಕೊಟ್ಟು ಕರೆಸಿಕೊಳ್ಳಿ ಎಂದರಂತೆ. ಪಟ್ಟಿಗೆ ಆ ಹಳೆಯ ದಿನದ ಫೋಟೋಗಳನ್ನೂ ಪಿನ್ನು ಹೊಡೆದು ಲಗತ್ತಿಸಿದ್ದರು.

ಅಪ್ಪ ಕೆಳಗಿಳಿದು ಬಂದು ಹಿಟ್ಟಿನ ಡಬ್ಬದ ಮೇಲೆ ಕೂತ. ಸ್ವಲ್ಪ ಹೊತ್ತಿಗೆ ತನ್ನ ಎರಡೂ ಅಂಗೈಯನ್ನು ಮೂಗಿಗೆ ಹಿಡಿದು ಮೂಸಿ ನೋಡಿಕೊಂಡ.

“ಹೂವಿನ ಹಾಗೆ ಕೊಟ್ಟಿದ್ದೆ, ಹೊಲಸು ಮಾಡಿಟ್ರಿ ಅಂದ್ರು,” ಎಂದ. “ನಿಜಾನೇ ಅಲ್ವಾ.”

“ಇನ್ನು ಆ ಮೆಟ್ಟಿಲು ನೀನು ಹತ್ತಬೇಡ ಅಪ್ಪಾ,” ಎಂದೆ. “ಗುಂಡಿ ನಾನು ಒಣಗಿಸ್ತೀನಿ. ಬೀಗದ ಕೈ ನಾನೇ ಕೊಟ್ಟು ಬರ್ತೀನಿ.” ಅವನು ನನ್ನ ಕೈಗಳನ್ನು ನೋಡಿ, ಕಥೆ ಪುಸ್ತಕ ಹಿಡಿಯೋ ಕೈ ಎಂದು ನಕ್ಕ. ಆದರೂ ಮಾತು ಮಾತೇ.

ಸುಣ್ಣ ಬಣ್ಣವೆಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ, ಬಾಯಿಗೆ ಬಟ್ಟೆ ಕಟ್ಟಿಕೊಂಡು, ಮೊಣಕೈವರೆಗೆ ಗ್ಲೌಸು ಏರಿಸಿ, ನಾನು ಮುಚ್ಚಳ ಎತ್ತಿದೆ.

ಎಂಥದನ್ನೂ ಕಲ್ಪನೆಯಲ್ಲಿ ಚಂದ ಮಾಡಿಕೊಳ್ಳುವ ಚಾಳಿ ನನಗೆ. ಇದನ್ನು ಮಾಡಿಕೊಳ್ಳಲಾಗಲಿಲ್ಲ. ಮೇಲೆ ಬೂದು ಬಣ್ಣದ ಕೆನೆ, ಚರ್ಮದ ಹಾಗೆ ಸುಕ್ಕುಗಟ್ಟಿತ್ತು. ಮಗ್ಗಿನಿಂದ ಒತ್ತಿದರೆ ಅದು ಬಿರಿದು, ಒಳಗಿನಿಂದ ಬೆಚ್ಚಗಿನ ಗಾಳಿಯೊಂದು ಮುಖಕ್ಕೆ ಬಂತು. ನಾನು ಓಡಿಹೋಗಿ ವಾಂತಿ ಮಾಡಿ ಬಂದೆ. ಮತ್ತೆ ಕೂತೆ. ಎರಡನೇ ಬಕೆಟ್ಟಿಗೆ ಮಗ್ಗು ಏನಕ್ಕೋ ಸಿಕ್ಕಿಕೊಂಡಿತು. ಎಳೆದೆ. ಒಂದು ಗಂಟು ಬಂತು, ಅದರ ಹಿಂದೆ ಇನ್ನೊಂದು, ಮುಗಿಯದ ಹಾಗೆ ಉದ್ದಕ್ಕೆ. ಕೂದಲು. ಮೊಳದುದ್ದದ ಕೂದಲು, ತಾಮ್ರದ ಬಣ್ಣದ್ದು, ಕೆಂಪು ಬಣ್ಣದ್ದು, ಕೆನೆಯಲ್ಲಿ ಅದ್ದಿ ಹೆಣೆದ ಜಡೆಯ ಹಾಗೆ. ನಡುವೆ ರೋಮ ಮೆತ್ತಿದ ಮೇಣದ ಪಟ್ಟಿಗಳು, ಕತ್ತರಿಸಿದ ಉಗುರು.

ನಮ್ಮ ಮನೆಯಲ್ಲಿ ತಾಮ್ರದ ಬಣ್ಣದ ಕೂದಲು ಯಾರಿಗೂ ಇಲ್ಲ. ಅಪ್ಪನಿಗಂತೂ ಕೂದಲೇ ಇಲ್ಲ.

ಹನ್ನೊಂದು ಬಕೆಟ್ಟಿಗೆ ತಳ ಕಂಡಿತು. ಹಳೆಯ ಪತ್ರಿಕೆಯಿಂದ ಒರೆಸಿ ಅಪ್ಪನನ್ನು ಕರೆಯೋಣವೆಂದುಕೊಂಡರೆ, ಗುಂಡಿಯಲ್ಲಿ ಮತ್ತೆ ಗೇಣು ನೀರು. ಪಾತ್ರೆ ತೊಳೆಯುವ ನಮ್ಮ ನಲ್ಲಿ ಮುಚ್ಚಿ ವಾರವಾಗಿತ್ತು. ಮತ್ತೆ ತೆಗೆದೆ, ಮತ್ತೆ ತುಂಬಿತು. ಬತ್ತದ ಬಾವಿ. ಈ ಸಲ ನಾನು ನೆಲಕ್ಕೆ ಕೆನ್ನೆಯಿಟ್ಟು ಮಲಗಿ ಒಳಗೆ ನೋಡಿದೆ. ಗುಂಡಿಯ ಹಿಂಬದಿಯ ಗೋಡೆಯಲ್ಲಿ, ಅಂಚಿಗಿಂತ ಸ್ವಲ್ಪ ಕೆಳಗೆ, ಒಂದು ಪೈಪಿನ ಬಾಯಿ. ಅದರಿಂದ ನೊರೆನೊರೆಯಾದ ಬೆಚ್ಚಗಿನ ನೀರು ಸುರಿಯುತ್ತಿತ್ತು. ಗುಲಾಬಿಯ ಪರಿಮಳದ ನೀರು. ಕೊಳೆತದ್ದರ ಮೇಲೆ ಆ ಗುಲಾಬಿ ಬಿದ್ದು ಎದ್ದ ವಾಸನೆಯಿದೆಯಲ್ಲ, ಮೂರು ವರ್ಷದಿಂದ ನಾವು ಹುಡುಕುತ್ತಿದ್ದದ್ದು ಅದನ್ನೇ. ತಲೆಯ ಮೇಲೆ, ಚಾವಣಿಯಾಚೆ, ಕೂದಲು ಒಣಗಿಸುವ ಮೆಷಿನ್ನಿನ ಸದ್ದೂ ಯಾರದೋ ನಗುವೂ ಕೇಳುತ್ತಿತ್ತು.

ಮೂರನೇ ಬೀದಿಯ ಪ್ಲಂಬರಣ್ಣ ಬಂದ. ಬಗ್ಗಿ ನೋಡಿ, ಒಂದು ಟೈಲ್ಸನ್ನು ಬೆರಳಿನಿಂದ ತಟ್ಟಿ, ಈ ಪೈಪು ಹಾಕಿ ಮೂರು ವರ್ಷಕ್ಕಿಂತ ಹೆಚ್ಚಾಗಿಲ್ಲ ಎಂದ. ಪಾರ್ಲರಿಗೆ ಬೇರೆ ಪೈಪು ಎಳೆಯಬೇಕೆಂದರೆ ರಸ್ತೆ ಅಗೆಯಬೇಕು, ಪರವಾನಗಿ ಬೇಕು; ಇಲ್ಲಿಗೆ ಇಳಿಸಿದರೆ ಯಾರನ್ನೂ ಕೇಳಬೇಕಾಗಿಲ್ಲ. ಮೇಲೆ ಟೈಲ್ಸ್ ಹಾಕಿಬಿಟ್ಟರೆ ಮುಗಿಯಿತು. “ಪುಕ್ಕಟೆ ಟೈಲ್ಸು,” ಎಂದೆ ನಾನು. ಅವನಿಗೆ ಅರ್ಥವಾಗಲಿಲ್ಲ.

ಫೋಟೋಗಳನ್ನು ತಂದು ನೋಡಿದೆವು. ಮಾಲೀಕರು ಎಷ್ಟು ಕಟ್ಟುನಿಟ್ಟಿನವರೆಂದರೆ ಗುಂಡಿಯ ಒಳಗಿನದ್ದೂ ಒಂದು ತೆಗೆಸಿದ್ದರು. ಎಂಟು ವರ್ಷದ ಹಿಂದಿನ ಆ ಗೋಡೆ ನುಣ್ಣಗಿತ್ತು, ಪೈಪೂ ಇಲ್ಲ, ತೂತೂ ಇಲ್ಲ.

“ಒಣಗಿಸಬೇಕು ಅಂದ್ರೆ ಏನು ಮಾಡ್ಬೇಕಣ್ಣಾ?”

“ಪೈಪಿನ ಬಾಯಿಗೆ ಬಿರಡೆ ಹೊಡೀಬೇಕು. ಇನ್ನೇನು.” ಅವನು ಮೇಲೆ ನೋಡಿದ. “ಆದ್ರೆ ಅವರ ನೀರು ಅವರಲ್ಲೇ ನಿಲ್ಲತ್ತೆ, ತಂಗಿ.”

“ಪಟ್ಟೀಲಿ ಒಣಗಿಸಿ ಅಂತಲೇ ಬರ್ದಿದ್ದಾರೆ.”

ಬಿರಡೆ ಬಿತ್ತು. ಪ್ಲಂಬರಣ್ಣ ಹೊರಟುಹೋದ. ನಾನು ಕೈ ತೊಳೆದುಕೊಂಡು, ಕರಾರು ರದ್ದು ಪತ್ರವನ್ನು ಎರಡು ಪ್ರತಿ ಬರೆದಿಟ್ಟೆ. ಊಟದ ಹೊತ್ತಿಗೆ ಮೇಲಿನ ಮೆಷಿನ್ನು ನಿಂತಿತು. ಆಮೇಲೆ ನಗು ನಿಂತಿತು. ಆಮೇಲೆ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು.

ಕರ್ಚೀಫು ಮೂಗಿನ ಮೇಲೇ ಇತ್ತು. ಅಪ್ಪ ಆಗ ಹೊರಗಿನ ಮೇಜುಗಳ ನಡುವೆ ಕೂತು ತಟ್ಟೆಗಳನ್ನು ಪತ್ರಿಕೆಯಲ್ಲಿ ಸುತ್ತುತ್ತಿದ್ದ. ಏಳಲು ಹೋದವನನ್ನು ಹೆಗಲು ಒತ್ತಿ ಕೂರಿಸಿದೆ. ಮೇಲೆ ಪಾರ್ಲರಿನಲ್ಲಿ ಪಾದ ಮುಳುಗುವಷ್ಟು ನೀರು ನಿಂತಿದೆ, ನೀವೇನಾದರೂ ಮುಟ್ಟಿದಿರಾ ಎಂದು ಕೇಳಿದರು ಮಾಲೀಕರು. ನಾನು ಅವರನ್ನು ಗುಂಡಿಯ ಹತ್ತಿರ ಕರೆದೊಯ್ದು, ಪಕ್ಕದ ಬಕೆಟ್ಟಿನಲ್ಲಿ ತೆಗೆದಿಟ್ಟಿದ್ದ ಜಡೆಯನ್ನು ಕೋಲಿನಿಂದ ಎತ್ತಿ ತೋರಿಸಿದೆ. ಅದರಿಂದ ತೊಟ್ಟು ತೊಟ್ಟಾಗಿ ಇಳಿಯುತ್ತಿತ್ತು. ಆತ ಎರಡು ಹೆಜ್ಜೆ ಹಿಂದೆ ಸರಿದರು. ನಾಚಿಕೆಯಿಂದಲ್ಲ, ಪ್ಯಾಂಟಿಗೆ ಸಿಡಿದೀತೆಂದು.

“ನೀರು ನೀರೇ ಅಲ್ವೇನಮ್ಮಾ,” ಎಂದರು. “ಎಲ್ಲಿ ಹರಿದ್ರೇನು? ಇದನ್ನೆಲ್ಲ ದೊಡ್ಡದು ಮಾಡ್ತಾರಾ?”

“ನಾನೇನೂ ಮಾಡಿಲ್ಲ ಸಾರ್. ಕೊಟ್ಟಾಗ ಹೇಗಿತ್ತೋ ಹಾಗೇ ಮಾಡಿದೀನಿ. ಫೋಟೋ ನಿಮ್ದೇ.” ಫೋಟೋ ಹಿಡಿದೆ. “ನಮ್ಮ ಹೊಸ್ತಿಲು ದಾಟೋಕೆ ಮುಂಚೆಯೇ ನೀವು ಕರ್ಚೀಫು ಮೂಗಿಗೆ ಇಟ್ಕೋತಿದ್ರಿ. ನಾತ ಇರತ್ತೆ ಅಂತ ನಿಮಗೆ ಗೊತ್ತಿತ್ತು.”

ಆಗ ಅಪ್ಪ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಅರ್ಧ ಸುತ್ತಿದ ತಟ್ಟೆ. ಎಷ್ಟು ಕೇಳಿಸಿಕೊಂಡಿದ್ದನೋ. ತಟ್ಟೆಯನ್ನು ಕೆಳಗಿಟ್ಟು ಬಕೆಟ್ಟಿನ ಹತ್ತಿರ ಬಂದ.

“ಕರ್ಚೀಫು ತೆಗೀರಿ ಸಾರ್,” ಎಂದ. “ಒಂದ್ಸಲ ಮೂಸಿ ನೋಡಿ. ನನ್ನ ಅಡುಗೆ ವಾಸನೆ ಯಾವುದು, ನಿಮ್ದು ಯಾವುದು ಅಂತ.”

ಆತ ತೆಗೆಯಲಿಲ್ಲ. ನಾನು ಬರೆದಿಟ್ಟಿದ್ದ ರದ್ದು ಪತ್ರವನ್ನು ಮುಂದೆ ಚಾಚಿದೆ. ಮೇಲಿನಿಂದ ಸೊಸೆ ಮಾವಾ ಮಾವಾ ಎಂದು ಕೂಗುತ್ತಿದ್ದಳು. ಸಹಿ ಹಾಕುತ್ತೇನೆ, ಆದರೆ ನೀವು ಕೊಟ್ಟಿದ್ದ ಮುಂಗಡದಲ್ಲಿ ಅರ್ಧ ಹಿಡಿದುಕೊಳ್ಳುತ್ತೇನೆ ಎಂದರು ಮಾಲೀಕರು. ಆ ಹೊತ್ತಿನಲ್ಲೂ ಲೆಕ್ಕ ತಪ್ಪಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ, ಬಿಡು ಪುಟ್ಟಿ, ಅದನ್ನೂ ತೊಳೆದುಕೊಂಡು ಕೂರೋಕಾಗಲ್ಲ ಎಂದ. ಮಾಲೀಕರು ಒಂದು ಕೈಯಲ್ಲಿ ಮೂಗು ಮುಚ್ಚಿ, ಇನ್ನೊಂದು ಕೈಯಲ್ಲಿ ಎರಡೂ ಪ್ರತಿಗೆ ಸಹಿ ಹಾಕಿದರು. ಪೆನ್ನಿನ ಕ್ಯಾಪು ಹಾಕುತ್ತ ಅಪ್ಪನ ಕಡೆ ತಿರುಗಿ, “ಏನೇ ಹೇಳಿ, ನಿಮ್ಮ ಶುಕ್ರವಾರದ ಊಟ ಮಾತ್ರ ಮರೆಯೋಕಾಗಲ್ಲ ಕಣ್ರೀ,” ಎಂದರು. ನಕ್ಕರು ಕೂಡ. ಇಡೀ ದಿನದಲ್ಲಿ ನನಗೆ ಎರಡನೇ ಸಲ ವಾಂತಿ ಬಂದಂತಾದದ್ದು ಆಗ.

ಗುಂಡಿಯನ್ನು ಹಾಗೇ ಬಿಟ್ಟು ಬರಬಹುದಿತ್ತು. ಆದರೆ ಒಣಗಿಸುತ್ತೇನೆಂದು ಮಾತು ಕೊಟ್ಟದ್ದು ಅವರಿಗಲ್ಲವಲ್ಲ. ಅಪ್ಪ ಬಿಸಿನೀರು ಕಾಯಿಸಿಕೊಟ್ಟ, ನಾನು ಉಜ್ಜಿದೆ. ನನ್ನ ಉಗುರಿನ ಸಂದಿಯಲ್ಲಿ ಸೇರಿದ್ದು ಇನ್ನೆಷ್ಟು ದಿನಕ್ಕೆ ಹೋಗುತ್ತದೋ ಎಂದುಕೊಳ್ಳುತ್ತ ನಾಲ್ಕೂ ಮೂಲೆ ಉಜ್ಜಿದೆ. ಪತ್ರಿಕೆಯಲ್ಲಿ ಒರೆಸಿ, ಫ್ಯಾನು ಇಟ್ಟೆವು. ಈ ಸಲ ನೀರು ಬರಲಿಲ್ಲ. ಸಿಮೆಂಟು ನಿಧಾನವಾಗಿ ಕಪ್ಪಿನಿಂದ ಬೂದು ಬಣ್ಣಕ್ಕೆ, ಬೂದು ಬಣ್ಣದಿಂದ ಬಿಳಿಗೆ ತಿರುಗಿತು.

ಅಪ್ಪ ಮಂಡಿಯೂರಿ, ತಲೆಯನ್ನು ಗುಂಡಿಯೊಳಗೆ ಇಳಿಸಿ, ಉದ್ದಕ್ಕೆ ಉಸಿರೆಳೆದ. ನೋಡು ಪುಟ್ಟಿ ಎಂದು ನನ್ನನ್ನು ಕರೆಯಲಿಲ್ಲ.

“ಏನಿಲ್ಲ,” ಎಂದ. “ಒಣ ಸಿಮೆಂಟು. ಅಷ್ಟೇ.”

ಮುಚ್ಚಳ ಹಾಕಿ, ಬಾಗಿಲು ಎಳೆದು, ಬೀಗ ಜಡಿದೆವು. ಅಪ್ಪ ಕೆಳಗೆ ತಟ್ಟೆಗಳ ಪೆಟ್ಟಿಗೆಯ ಹತ್ತಿರ ನಿಂತ. ನಾನು ಮೆಟ್ಟಿಲು ಹತ್ತಿದೆ. ಪಾರ್ಲರಿನ ನೀರು ಆಫೀಸಿನ ಹೊಸ್ತಿಲವರೆಗೂ ಬಂದಿತ್ತು, ಅದರ ಮೇಲೆ ಕೂದಲು ತೇಲುತ್ತಿತ್ತು. ಮಾಲೀಕರು ಎರಡೂ ಕಾಲನ್ನು ಕುರ್ಚಿಯ ಮೇಲೆ ಮಡಿಸಿ ಕೂತು ಯಾರಿಗೋ ಫೋನು ಮಾಡುತ್ತಿದ್ದರು. ನನ್ನನ್ನು ಕಂಡು, ಆ ಬಿರಡೆ ತೆಗೆಯೋದು ಯಾರು ಎಂದು ಕೇಳಿದರು.

“ಜಾಗ ನಿಮ್ದು ಸಾರ್. ಕೈ ಹಾಕಿದ್ರೆ ಸಿಗತ್ತೆ.”

ಮೇಜಿನ ಮೇಲೆ ಆ ಬಿಳಿ ಕರ್ಚೀಫು ನಾಲ್ಕು ಮಡಿಕೆಯಾಗಿ ಬಿದ್ದಿತ್ತು. ಜಿಡ್ಡು ಮೆತ್ತಿದ ಬೀಗದ ಕೈಯನ್ನು ಅದರ ಮೇಲಿಟ್ಟು ಕೆಳಗಿಳಿದೆ.