ಹೊಟ್ಟೆಯ ಕೆಳಗಿನ ಬೆಳಕು

ಮಗಳು ಮೇಜಿನ ಮೂರನೆಯ ಡ್ರಾಯರನ್ನೂ ಎಳೆದು ನೆಲಕ್ಕೆ ಸುರಿದಳು. ಔಷಧಿ ಚೀಟಿ, ತುಕ್ಕು ಹಿಡಿದ ಲಾಳದ ಮೊಳೆಗಳು, ಕುದುರೆ ಮೈ ಉಜ್ಜುವ ಸವೆದ ಬ್ರಷ್ಷು. ಕನ್ನಡಕ ಮಾತ್ರ ಇಲ್ಲ.

"ಏನು ಹುಡುಕ್ತಿದೀಯ ಪುಟ್ಟಿ? ಗಾಡಿ ಬಂದು ನಿಂತಿದೆ," ಎಂದಳು ಬಾಗಿಲಲ್ಲಿ ನಿಂತ ಅತ್ತೆ. ಅಪ್ಪನ ಅಕ್ಕ ಅವಳು. ಅಮ್ಮ ಹೋದ ಮೇಲೆ ಈ ಮನೆ ನಡೆಸಿದವಳು.

"ಅಪ್ಪನ ಕನ್ನಡಕ. ಅದಿಲ್ದೆ ಅವನ ಮುಖ ಬೇರೆ ಯಾರದೋ ಥರ ಕಾಣುತ್ತೆ. ಹಾಕಿಯೇ ಕಳಿಸೋಣ."

ಹಜಾರದಲ್ಲಿ ಅಪ್ಪನ ಶವದ ತಲೆಯ ಬಳಿ ಕೂತಿದ್ದ ಲಾಳದಜ್ಜ ಅಲ್ಲಿಂದಲೇ ಹೇಳಿದ: "ಬಿಡು ಮಗಾ. ಅವನಿಗೆ ಅದರ ಹಂಗು ತಪ್ಪಿ ಎಂಟು ತಿಂಗಳಾಯ್ತು."

ನಲವತ್ತು ವರ್ಷ ಒಂದೇ ಸವಾರಿ ಶಾಲೆಯ ಲಾಯದಲ್ಲಿ ಅಪ್ಪ ಕುದುರೆಗಳ ಮೈ ತಿಕ್ಕಿದ್ದ, ಈತ ಅವುಗಳ ಗೊರಸಿಗೆ ಲಾಳ ಹೊಡೆದಿದ್ದ.

"ಹಂಗಂದ್ರೆ ಏನಜ್ಜ?"

ಮುದುಕ ಅತ್ತೆಯ ಮುಖ ನೋಡಿದ. "ಇನ್ನೂ ಹೇಳಿಲ್ವಾ ಇವಳಿಗೆ?"

"ಹೇಳಬಾರದು ಅಂತ ಅವನೇ ಮಾತು ತಗೊಂಡಿದ್ನಲ್ಲ." ಅತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಕಣ್ಣು ಪೂರ್ತಿ ಹೋಗಿತ್ತು ಪುಟ್ಟಿ. ಎರಡೂ."

"ಸುಮ್ನಿರಿ. ಹೋದ ಭಾನುವಾರ ನನ್ನ ಚಿತ್ರ ನೋಡಿದಾನೆ ಅವನು."

ಇಬ್ಬರೂ ತಲೆ ತಗ್ಗಿಸಿದರು. ಹೊರಗೆ ಗಾಡಿಯವನು ಮೆಲ್ಲಗೆ ಒಂದು ಸಲ ಹಾರ್ನ್ ಮಾಡಿದ.

*

ಎರಡು ವರ್ಷದ ಹಿಂದೆ ಮಗಳಿಗೆ ಕೆಲಸವಿರಲಿಲ್ಲ. ಮಕ್ಕಳ ಆಟಗಳಿಗೆ ಚಿತ್ರ ಮಾಡುವ ಸ್ಟುಡಿಯೊ ಒಂದು ಪರೀಕ್ಷೆಗೆಂದು ಕುದುರೆಯ ಚಿತ್ರ ಕೇಳಿತ್ತು. ಅವಳು ಟ್ಯಾಬ್ಲೆಟ್ಟಿನಲ್ಲಿ ಬರೆದು ಕಳಿಸಿದ್ದನ್ನು ಎರಡು ಸಲ ವಾಪಸ್ಸು ಮಾಡಿತ್ತು: ಪ್ಲಾಸ್ಟಿಕ್ ಥರ ಇದೆ.

ಅಪ್ಪ ದಪ್ಪ ಕನ್ನಡಕವನ್ನು ಪರದೆಗೆ ತಾಗುವಷ್ಟು ಹತ್ತಿರ ಒಯ್ದು ನೋಡಿದ. ಆಗ ಅವನಿಗೆ ಅಷ್ಟು ಕಾಣುತ್ತಿತ್ತು.

"ಚೆನ್ನಾಗಿದೆ. ಗಾಳಿ ತುಂಬಿದ ಕುದುರೆ. ಸೂಜಿ ಚುಚ್ಚಿದ್ರೆ ಠುಸ್ ಅನ್ನುತ್ತೆ."

"ಅಪ್ಪಾ!"

"ಸೂರ್ಯ ಎಲ್ಲಿದಾನೆ ಇದರಲ್ಲಿ?"

ಅವಳು ಚಿತ್ರದ ಅಂಚಿಗೆಲ್ಲ ಕಪ್ಪು ಬಳಿದು, ನಡುವೆ ಬಿಳಿ ಹೊಳಪು ಇಟ್ಟಿದ್ದಳು. ಸೂರ್ಯನ ಯೋಚನೆಯನ್ನೇ ಮಾಡಿರಲಿಲ್ಲ.

"ಕುದುರೆಗೆ ನೆರಳು ಕೊಟ್ಟಿದೀಯ, ಸೂರ್ಯನಿಗೆ ಜಾಗ ಕೊಟ್ಟಿಲ್ಲ. ನಡಿ."

ಮರುದಿನ ಲಾಯದ ಅಂಗಳದಲ್ಲಿ ಕಂದು ಹೆಣ್ಣು ಕುದುರೆಯೊಂದನ್ನು ಬಿಸಿಲಿಗೆ ನಿಲ್ಲಿಸಿ, ಅವಳ ಕೈ ಹಿಡಿದು ಕುದುರೆಯ ಮೈಮೇಲೆ ಇಟ್ಟ. "ಇಲ್ಲಿ ಭುಜದ ಮೂಳೆ. ಬೆಳಕು ಗಕ್ಕನೆ ಮುರಿಯುತ್ತೆ. ಪಕ್ಕೆ ಹತ್ರ ಬಾ, ಇಲ್ಲಿ ಮುರಿಯಲ್ಲ, ಕರಗುತ್ತೆ. ಬೆನ್ನ ಮೇಲೆ ನೋಡು, ಕಂದು ಕುದುರೆ ಹೌದು, ಆದ್ರೆ ಆಕಾಶದ ನೀಲಿ ಕೂತಿದೆ. ಈಗ ಬಗ್ಗು."

ಇಬ್ಬರೂ ಬಗ್ಗಿದರು. ಅವಳು ಕಪ್ಪು ಬಳಿದಿದ್ದ ಹೊಟ್ಟೆಯ ಅಡಿಭಾಗ ಮರಳಿನ ಬಣ್ಣದಲ್ಲಿ ಬೆಚ್ಚಗೆ ಹೊಳೆಯುತ್ತಿತ್ತು.

"ನೆಲಕ್ಕೆ ಬಿದ್ದ ಬಿಸಿಲು ಸುಮ್ಮನೆ ಬಿದ್ದಿರಲ್ಲ ಮಗಳೇ. ಎದ್ದು ಬರುತ್ತೆ. ಎಷ್ಟು ಕತ್ತಲೆ ಜಾಗಕ್ಕೂ ಒಂಚೂರು ಹೋಗುತ್ತೆ."

ಆರನೆಯ ಚಿತ್ರಕ್ಕೆ ಕೆಲಸ ಸಿಕ್ಕಿತು. ಊರಿನ ಇನ್ನೊಂದು ತುದಿಯಲ್ಲಿ ಕೋಣೆ ಮಾಡಿಕೊಂಡಳು. ಭಾನುವಾರಕ್ಕೊಮ್ಮೆ ಬರುತ್ತಿದ್ದಳು.

*

ಮಣ್ಣು ಮಾಡಿ ಹಿಂತಿರುಗುವಾಗ ಗಾಡಿಯಲ್ಲಿ ಮೂವರೇ ಇದ್ದರು.

"ಡಾಕ್ಟರು ಕಣ್ಣಿನ ಒಳಗೊಳಗೇ ಒತ್ತಡ ಏರಿದೆ, ಇನ್ನು ಏನೂ ಮಾಡೋಕಾಗಲ್ಲ ಅಂದ್ರು," ಎಂದಳು ಅತ್ತೆ. "ಮನೆಗೆ ಬಂದವನೇ, 'ಅಕ್ಕಾ, ಅವಳಿಗೆ ಹೇಳಬೇಡ, ಕೆಲಸ ಬಿಟ್ಟು ಬಂದು ಕೂತ್ಕೋತಾಳೆ. ಬೆಳಕು ಕಲೀತಿರೋಳಿಗೆ ಕತ್ತಲೆ ಸುದ್ದಿ ಯಾಕೆ' ಅಂದ."

"ನನಗೆ ಗೊತ್ತೇ ಆಗಲಿಲ್ಲವಲ್ಲ ಅತ್ತೆ."

"ಗೊತ್ತಾಗೋ ಹಾಗೆ ಅವನೆಲ್ಲಿ ಬಿಟ್ಟ? ಭಾನುವಾರ ಬೆಳಿಗ್ಗೆಯೇ ಕಿಟಕಿ ಪಕ್ಕದ ಕುರ್ಚಿ ಹಿಡಿದು ಕೂರೋನು. ಗೇಟಿನ ಸದ್ದಾದ್ರೆ, 'ಅಕ್ಕಾ, ಕನ್ನಡಕ ಕೊಡು ಬೇಗ' ಅನ್ನೋನು. ನೀನು ಹೋದ ಮೇಲೆ ತೆಗೆದು ನನ್ನ ಕೈಗೆ ಕೊಡೋನು. ಈಗಲೂ ನನ್ನ ಪೆಟ್ಟಿಗೇಲೇ ಇದೆ."

ಲಾಳದಜ್ಜ ಕಿಟಕಿಯಾಚೆ ನೋಡುತ್ತ ಮೂಗು ಒರೆಸಿಕೊಂಡ. "ಕುದುರೆಗೂ ಹಿಂಗೆ ಮೋಸ ಮಾಡಿದೋನಲ್ಲ ಅವನು."

*

ಎಂಟು ತಿಂಗಳಿಂದ ಅಪ್ಪನ ಪಾಠದ ರೀತಿ ಬದಲಾಗಿತ್ತು. ಪರದೆಯನ್ನು ಮಡಿಲಲ್ಲಿಟ್ಟುಕೊಂಡು ಬರೀ ಪ್ರಶ್ನೆ ಕೇಳುತ್ತಿದ್ದ. ಮೇಷ್ಟ್ರುಗಿರಿ ಹೆಚ್ಚಾಯಿತು ಎಂದು ಅವಳು ಒಳಗೇ ಸಿಡಿಮಿಡಿಗೊಳ್ಳುತ್ತಿದ್ದಳು. ಹೋದ ಭಾನುವಾರವೂ ಅಷ್ಟೇ.

"ಸೂರ್ಯ ಎಲ್ಲಿ?"

"ಎಡಕ್ಕೆ. ಇನ್ನೇನು ಇಳೀತಿದಾನೆ."

"ಭುಜದಲ್ಲಿ ನೆರಳಿನ ಅಂಚು?"

"ಗಟ್ಟಿ."

"ಪಕ್ಕೇಲಿ?"

"ಕರಗ್ತಾ ಹೋಗಿದೆ. ನೋಡಿ ಹೇಳಪ್ಪ, ಕಣ್ಣ ಮುಂದೇ ಇದೆಯಲ್ಲ! ಎಲ್ಲಾ ನನ್ನ ಬಾಯಿಂದಲೇ ಹೇಳಿಸ್ತೀಯ."

ಅವನು ನಕ್ಕ. "ನೋಡ್ತಿದೀನಲ್ಲ. ಹೊಟ್ಟೆ ಕೆಳಗೆ?"

"ನೆಲದ ಬೆಳಕು. ಸ್ವಲ್ಪ ಕೆಂಪಿಗೆ ತಿರುಗಿದೆ, ಸಂಜೆ ಅಲ್ವಾ."

ಅಪ್ಪನ ಮುಖ ಪರದೆಯ ಮೇಲೇ ಬಾಗಿತ್ತು.

"ಹ್ಞಾ," ಎಂದ. "ಈಗ ಉಸಿರಾಡ್ತಿದೆ."

ಅವಳು ಗಡಿಯಾರ ನೋಡಿಕೊಂಡು, ಬಸ್ಸಿಗೆ ತಡವಾಯಿತೆಂದು ಟ್ಯಾಬ್ಲೆಟ್ಟನ್ನು ಅವನ ಮಡಿಲಲ್ಲೇ ಬಿಟ್ಟು ಎದ್ದಿದ್ದಳು.

*

ಮಧ್ಯಾಹ್ನಕ್ಕೆ ಮನೆ ಖಾಲಿಯಾಯಿತು. ಅತ್ತೆ ಕಿಟಕಿ ಪಕ್ಕದ ಕುರ್ಚಿಯ ದಿಂಬಿನಡಿಯಿಂದ ಟ್ಯಾಬ್ಲೆಟ್ಟು ತೆಗೆದು ತಂದಳು.

"ಹೋದ ವಾರ ಬಿಟ್ಟು ಹೋಗಿದ್ದೆಯಲ್ಲ. ದಿನಾ ಮಡಿಲಲ್ಲಿ ಇಟ್ಕೊಂಡೇ ಕೂತಿದ್ದ. ಗಾಜೆಲ್ಲ ಜಿಡ್ಡು ಮಾಡಿಟ್ಟಿದಾನೆ, ತಾಳು ಒರೆಸ್ತೀನಿ."

"ಬೇಡ!"

ಅತ್ತೆ ಬೆಚ್ಚಿ ಬಟ್ಟೆ ಹಿಂತೆಗೆದಳು. ಮಗಳು ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಗುಂಡಿ ಒತ್ತಿದಳು. ಚಿತ್ರ ಮೂಡಿತು. ಕೆಳಗೆ ಬಲ ಮೂಲೆಯಲ್ಲಿ, ಹೊಳೆಯಂಚಿನಲ್ಲಿ, ಅವಳ ಕಂದು ಕುದುರೆ ಕತ್ತು ಪೂರ್ತಿ ತಗ್ಗಿಸಿ ನೀರು ಕುಡಿಯುತ್ತಿತ್ತು. ಮೇಲೆಲ್ಲ ಬರೀ ಸಂಜೆಯ ಆಕಾಶ. ಕುದುರೆ ಎಲ್ಲಿ ನಿಂತಿದೆ, ಹೇಗೆ ನಿಂತಿದೆ ಎಂದು ಅವಳು ಹೇಳಿರಲಿಲ್ಲ. ಅಪ್ಪ ಅದೊಂದನ್ನು ಕೇಳಿರಲಿಲ್ಲ.

ಪರದೆ ಆರಿಸಿ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಳು. ಕಪ್ಪು ಗಾಜಿನ ಮೇಲೆ, ಆಕಾಶವಿದ್ದ ಜಾಗದಲ್ಲಿ, ಅಪ್ಪನ ನಾಲ್ಕು ಬೆರಳ ಜಿಡ್ಡಿನ ಗೆರೆಗಳು ಒಂದರ ಮೇಲೊಂದು ನೂರು ಸಲ ಹಾದುಹೋಗಿ ಇನ್ನೊಂದು ಕುದುರೆಯಾಗಿದ್ದವು: ಎತ್ತಿ ನಿಂತ ಕತ್ತು, ಅದರಿಂದ ಇಳಿದ ಉದ್ದನೆಯ ಬೆನ್ನು, ಅದರ ಕೆಳಗೆ, ಅಂಗೈಯಗಲಕ್ಕೆ, ಸವರಿ ಸವರಿ ಮಸುಕಾದ ಹೊಟ್ಟೆ.