ಡೀಲಿಯಾ 'ಗೊತ್ತಿಲ್ಲ' ಅಂದ ಭಾನುವಾರ

ಐರ್ಲೆಂಡಿನ ಕಡಲಂಚಿನ ಊರು ಬಿಟ್ಟು ಮೊಂಟಾನಾದ ಬ್ಯೂಟ್ ಪಟ್ಟಣಕ್ಕೆ ಬಂದಾಗ ಡೀಲಿಯಾ ಹ್ಯಾರಿಂಗ್ಟನ್‌ಗೆ ಹತ್ತೊಂಬತ್ತು ವರ್ಷ. ಗಾಡಿಗಳಿಗಿನ್ನೂ ಕುದುರೆ ಕಟ್ಟುತ್ತಿದ್ದ ಕಾಲ. ಅವಳ ಚಿಕ್ಕಮ್ಮ ಹನೋರಾ ಅಲ್ಲಿ ತಾಮ್ರದ ಗಣಿಯ ಐರಿಷ್ ಆಳುಗಳಿಗೆ ಊಟ-ವಸತಿಯ ಮನೆ ನಡೆಸುತ್ತಿದ್ದಳು. ಬಂದ ಮರುದಿನದಿಂದಲೇ ಒಲೆ ಹೊತ್ತಿಸುವುದು, ಆಲೂಗಡ್ಡೆ ಬೇಯಿಸುವುದು, ಪಾಳಿ ಮುಗಿಸಿ ಬಂದವರ ಕೆಸರು ಬಟ್ಟೆ ಒಗೆಯುವುದು ಎಲ್ಲ ಡೀಲಿಯಾಳ ಪಾಲಿಗೆ ಬಂತು. ಒಗೆದು ಹರವಿದ್ದರ ಮೇಲೆ ಅದಿರು ಕರಗಿಸುವ ಕುಲುಮೆಯ ಹೊಗೆ ಬಂದು ಕೂರುತ್ತಿತ್ತು, ಮತ್ತೆ ಒಗೆಯಬೇಕು. ಸಂಬಳದ ಮಾತೆತ್ತಿದರೆ ಚಿಕ್ಕಮ್ಮ, "ಮನೆ ಮಗಳಿಗೆ ಎಂಥ ಸಂಬಳವೇ?" ಅಂದು ಬಾಯಿ ಮುಚ್ಚಿಸುತ್ತಿದ್ದಳು.

ಬಿಟ್ಟು ಬಂದ ಊರಲ್ಲಿ ಮರ್ಟಿ ಲೌನಿ ಇದ್ದ. ದೋಣಿಗೆ ಹುಟ್ಟು ಹಾಕುವುದನ್ನು ಡೀಲಿಯಾಗೆ ಕಲಿಸಿದವನು. "ಅಮ್ಮ ಇರೋ ತನಕ ನಾನು ಕದಲೋ ಹಾಗಿಲ್ಲ. ಆಮೇಲೆ ಬಂದೇ ಬರ್ತೀನಿ, ಕಾಯ್ತಿರು" ಅಂದಿದ್ದ. ಅವಳೂ ಹೂಂ ಅಂದಿದ್ದಳು.

ಎರಡನೇ ಚಳಿಗಾಲದಲ್ಲಿ ಬುತ್ತಿ ಡಬ್ಬಿಗಳನ್ನು ಗಣಿಬಾಗಿಲಿಗೆ ಹೊತ್ತೊಯ್ಯುವಾಗ ಹಿಮದ ಮೇಲೆ ಜಾರಿ ಬಿದ್ದಳು. ಆಲೂಗಡ್ಡೆಗಳು ಇಳಿಜಾರಿನಲ್ಲಿ ಉರುಳಿದವು. ಮರದ ದಿಮ್ಮಿ ಹೊರುತ್ತಿದ್ದವನೊಬ್ಬ ಓಡಿಬಂದು ಟೋಪಿಯಲ್ಲಿ ಅವನ್ನೆಲ್ಲ ಆರಿಸಿಕೊಟ್ಟ.

"ನಿಮ್ ಐರಿಷ್ ಆಲೂಗಡ್ಡೆಗೂ ಊರು ಬಿಟ್ಟು ಓಡೋ ಚಾಳಿ ಇದೆಯಲ್ರೀ" ಅಂದ.

ಮಾತಿನ ಧಾಟಿಯಲ್ಲೇ ಗೊತ್ತಾಯಿತು, ಇವನು ಇಂಗ್ಲೆಂಡಿನ ಕಾರ್ನ್‌ವಾಲಿನವನು. ಗಣಿಯಲ್ಲಿ ಅವರಿಗೂ ಐರಿಷರಿಗೂ ಎಣ್ಣೆ-ಸೀಗೆಕಾಯಿ. ದೇವರನ್ನು ಕೂಗುವ ರೀತಿಯೇ ಬೇರೆ. ಆದರೂ ಡೀಲಿಯಾ ನಕ್ಕಳು. ಬ್ಯೂಟ್‌ಗೆ ಬಂದ ಮೇಲೆ ಅವಳು ಬಾಯ್ತುಂಬ ನಕ್ಕಿದ್ದು ಅದೇ ಮೊದಲು. ಅವನ ಹೆಸರು ಜೇಬೆಜ್ ಟ್ರೆಂಬತ್. ವಸಂತ ಬರುವ ಹೊತ್ತಿಗೆ ಇಬ್ಬರೂ ಗುಡ್ಡದ ಹಿಂದೆ ಕದ್ದು ಭೇಟಿಯಾಗುತ್ತಿದ್ದರು. ಅವನ ಜೊತೆಗಿರುವಾಗ ಅವಳಿಗೆ ಊರು ಮರೆತುಹೋಗುತ್ತಿತ್ತು. ಮನೆಗೆ ಬಂದರೆ, ಊರನ್ನು ಮರೆತೆನಲ್ಲ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಮೇ ತಿಂಗಳಲ್ಲಿ ಜೇಬೆಜ್ ಹಟ ಹಿಡಿದ. "ಕದ್ದು ಮುಚ್ಚಿ ಸಾಕು. ಈ ಭಾನುವಾರ ಬಂದು ನಿಮ್ ಚಿಕ್ಕಮ್ಮನ್ನ ಕೇಳ್ತೀನಿ." ಡೀಲಿಯಾ ಒಪ್ಪಿದಳು. ಅದೇ ಶುಕ್ರವಾರ ಎಲೆಕೋಸು ಹೆಚ್ಚುತ್ತ ಚಿಕ್ಕಮ್ಮ ಹೇಳಿದಳು:

"ಮರ್ಟಿ ಅಮ್ಮ ತೀರಿಕೊಂಡ್ರಂತೆ. ಅವನು ನಾಳೆ ರೈಲಿಗೆ ಬರ್ತಾನೆ. ಆ ಕಾರ್ನಿಶ್ ಕೋತಿ ವಿಷಯ ನಂಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ಮರ್ಟಿಗೆ ಯಾವ ಮುಖ ತೋರಿಸ್ತೀಯೋ ಯೋಚ್ನೆ ಮಾಡ್ಕೋ."

ಭಾನುವಾರ ಮಧ್ಯಾಹ್ನ ಉದ್ದನೆಯ ಮೇಜಿನ ಸುತ್ತ ಬಾಡಿಗೆಯವರೆಲ್ಲ ಕೂತಿದ್ದರು. ಮರ್ಟಿ ಡೀಲಿಯಾಳ ಎದುರಿಗಿದ್ದ. ಸೊರಗಿದ್ದ, ಕೋಟಿನಲ್ಲಿ ಇನ್ನೂ ಊರಿನ ಒಲೆಯ ಹೊಗೆಯ ವಾಸನೆ. ಬಂದಾಗಿನಿಂದ ಅವಳ ಕಣ್ಣು ತಪ್ಪಿಸುತ್ತಿದ್ದ. ಸಂಕೋಚ ಇರಬೇಕು ಅಂದುಕೊಂಡಳು. ಅವನು ತಮ್ಮ ಊರಿನ ಭಾಷೆಯಲ್ಲಿ ಊಟದ ಪ್ರಾರ್ಥನೆ ಹೇಳಿದಾಗ ಅವಳ ಕಣ್ಣು ತುಂಬಿತು. ಇವನನ್ನು ಬಿಟ್ಟರೆ ನನ್ನ ಕಡಲು, ನನ್ನ ಮನೆ ಎಲ್ಲ ಹೋದಂತೆ ಅನ್ನಿಸಿತು.

ಬಾಗಿಲು ತಟ್ಟಿದ ಸದ್ದಾಯಿತು. ಬಿಳಿ ಕಾಲರು ತೊಟ್ಟು, ಟೋಪಿ ಕೈಲಿ ಹಿಡಿದು ಜೇಬೆಜ್ ಒಳಗೆ ಬಂದ. ಮೇಜಿನವರೆಲ್ಲ ಅವನತ್ತ ತಿರುಗಿದರು.

"ದಾರಿ ತಪ್ಪಿ ಬಂದ್ಯೇನೋ? ನಿಮ್ ಭಜನೆ ಮನೆ ಗುಡ್ಡದ ಮೇಲಿದೆ" ಅಂದ ಒಬ್ಬ. ಎಲ್ಲರೂ ನಕ್ಕರು.

"ಡೀಲಿಯಾ ವಿಷಯ ಮಾತಾಡೋಕೆ ಬಂದೆ" ಅಂದ ಜೇಬೆಜ್.

ಚಿಕ್ಕಮ್ಮ ಸೌಟು ಕೆಳಗಿಡಲೂ ಇಲ್ಲ. "ಏನೇ, ಈ ಮನುಷ್ಯ ನಿಂಗೆ ಗೊತ್ತಾ?"

ಡೀಲಿಯಾ ಜೇಬೆಜ್‌ನ ಹೊಸ ಕಾಲರು ನೋಡಿದಳು, ಮರ್ಟಿಯ ಬಗ್ಗಿದ ತಲೆ ನೋಡಿದಳು.

"ಗೊತ್ತಿಲ್ಲ" ಅಂದಳು.

ಜೇಬೆಜ್ ಅವಳನ್ನೇ ದಿಟ್ಟಿಸಿದ. "ತಪ್ಪಾಯ್ತು. ಮನೆ ತಪ್ಪಿತು" ಅಂದು ಹೊರಟುಹೋದ. ನಗು ಅವನನ್ನು ಬೀದಿಯವರೆಗೂ ಅಟ್ಟಿಸಿಕೊಂಡು ಹೋಯಿತು.

ಮರ್ಟಿ ಬಿಳಿಚಿಕೊಂಡಿದ್ದ. "ಯಾಕೆ ಹಾಗಂದೆ ಡೀಲಿಯಾ? ನನ್ ಸಲುವಾಗಾ? ಚಿಕ್ಕಮ್ಮಂಗೆ ಬರೆದಿದ್ದೆ, ನಿಂಗೆ ಹೇಳಿಲ್ವಾ?"

"ಏನು?"

"ನಂಗೂ ನೆಲ್‌ಗೂ ಮದುವೆ ಆಯ್ತು. ಈಸ್ಟರ್ ಮುಗಿದ ಮೇಲೆ."

ನೆಲ್ ಅವಳ ಬೆನ್ನಿಗೆ ಹುಟ್ಟಿದ ತಂಗಿ.

"ನೀನು ಹೋದೋಳು. ಅವ್ಳು ಇದ್ದೋಳು" ಅಂದ ಮರ್ಟಿ.

ಡೀಲಿಯಾ ಚಿಕ್ಕಮ್ಮನ ಕಡೆ ತಿರುಗಿದಳು. ಚಿಕ್ಕಮ್ಮ ಎಲೆಕೋಸು ಬಡಿಸುತ್ತಿದ್ದಳು. "ಊಟ ಆದ್ಮೇಲೆ ಹೇಳೋಣ ಅಂತಿದ್ದೆ. ಏನಾಯ್ತೀಗ? ಆ ಪೀಡೆ ತೊಲಗಿತಲ್ಲ. ನಿಂಗೆ ನಾನಿಲ್ವಾ? ಉಪ್ಪು ತಾ."

ಡೀಲಿಯಾ ಉಪ್ಪು ತಂದಿಟ್ಟಳು. ಪಾತ್ರೆಗಳನ್ನೂ ತೊಳೆದಳು. ಆಮೇಲೆ ಗುಡ್ಡ ಹತ್ತಿ ಕಾರ್ನಿಶರ ಬೀದಿಗೆ ಹೋದಳು. ಜೇಬೆಜ್ ಕಾಲರು ಬಿಚ್ಚಿ ಮೆಟ್ಟಿಲ ಮೇಲೆ ಕೂತಿದ್ದ. ಅವಳು ಏನನ್ನೂ ಮುಚ್ಚಿಡದೆ ಹೇಳಿದಳು. ಅವನು ಪೂರ್ತಿ ಕೇಳಿಸಿಕೊಂಡ.

"ಅಷ್ಟು ಜನರ ಮುಂದೆ ಗೊತ್ತಿಲ್ಲ ಅಂದೆ. ಈಗ ಯಾರೂ ಇಲ್ದಾಗ ಗೊತ್ತು ಅಂತೀಯ."

"ತಪ್ಪಾಯ್ತು ಜೇಬೆಜ್."

"ನೀನು ಅವನನ್ನ ಆರಿಸ್ಕೊಂಡೆ. ಅವನು ನಿನ್ನ ಆರಿಸ್ಕೊಳ್ಲಿಲ್ಲ. ಅವನು ಬಿಟ್ಟಿದ್ದನ್ನ ತಿನ್ನೋಕೆ ನಾನೇನು ನಾಯಿನಾ?"

ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಪಕ್ಕದ ಮನೆಯ ಕಿಟಕಿಯ ಪರದೆಯ ಹಿಂದೆ ಯಾರೋ ಹೆಂಗಸು ಕಿಸಕ್ಕನೆ ನಕ್ಕಳು.

ಬೇಸಿಗೆಯುದ್ದಕ್ಕೂ ಮರ್ಟಿ ಅದೇ ಮನೆಯಲ್ಲಿ ಉಳಿದ. "ತಂಗಿ ಗಂಡನ ಅಂಗಿ ಒಗೆಯೋಕೆ ನಾಚಿಕೆನಾ?" ಅಂದು ಚಿಕ್ಕಮ್ಮ ಅವನ ಬಟ್ಟೆಯನ್ನೂ ಇವಳ ಬುಟ್ಟಿಗೇ ಹಾಕುತ್ತಿದ್ದಳು. ಡೀಲಿಯಾ ಒಗೆದಳು. ಬಾಡಿಗೆಯವರ ಹರಿದ ಅಂಗಿಗಳನ್ನು ಹೊಲಿದುಕೊಟ್ಟು ಒಂದಿಷ್ಟು ದುಡ್ಡನ್ನೂ ಕೂಡಿಸಿಕೊಂಡಳು.

ಚಳಿ ಶುರುವಾಗುವಾಗ ನೆಲ್ ಬಂದಳು. ಮರ್ಟಿ ಪಾಳಿಯಲ್ಲಿದ್ದ, ನಿಲ್ದಾಣಕ್ಕೆ ಹೋದದ್ದು ಡೀಲಿಯಾ. ನೆಲ್ ಇಳಿದವಳೇ ಅಕ್ಕನ ಕೈ ಹಿಡಿದುಕೊಂಡಳು.

"ಅಕ್ಕಾ, ನನ್ ಮೇಲೆ ಸಿಟ್ಟಾ?"

"ಇಲ್ಲ ಕಣೇ. ಚಿಕ್ಕಮ್ಮಂಗೆ ಕೈಗೊಬ್ರು ಬೇಕು. ನಾಳೆಯಿಂದ ನೀನೇ."

"ನೀನು?"

"ನಾನು ಇದೇ ರೈಲಿಗೆ ಸಿಯಾಟಲ್‌ಗೆ ಹೋಗ್ತಿದ್ದೀನಿ."

ನೆಲ್ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. "ನಾನು ಬಸುರಿ ಅಕ್ಕಾ. ನನ್ನೊಬ್ಳನ್ನೇ ಬಿಟ್ಟು ಹೋಗ್ಬೇಡ."

"ಕಾಣ್ತಿದೆ. ಒಲೆ ಬೆಳಗಿನ ಜಾವಕ್ಕೇ ಹತ್ತಿರ್ಬೇಕು, ನೆನಪಿಟ್ಕೋ. ತಡವಾದ್ರೆ ಚಿಕ್ಕಮ್ಮ ಸುಮ್ನಿರಲ್ಲ."

ಡೀಲಿಯಾ ರೈಲು ಹತ್ತಿದಳು. ಮೊದಮೊದಲು ಮೈಯೆಲ್ಲ ಹಗುರಾದಂತಿತ್ತು. ಮುಂದಿನ ನಿಲ್ದಾಣ ಬರುವ ಮೊದಲೇ ಅಳು ಒತ್ತರಿಸಿ ಬಂತು. ಇಳಿದು ಹಿಂದಕ್ಕೆ ಹೋಗಬಹುದಿತ್ತು. ಇಳಿಯಲಿಲ್ಲ.

ಸಿಯಾಟಲ್‌ನಲ್ಲಿ ಅವಳು ಮೀನು ಡಬ್ಬಿಗೆ ತುಂಬುವ ಕಾರ್ಖಾನೆ ಸೇರಿದಳು. ನಾರ್ವೆಯವನೊಬ್ಬನನ್ನು ಮದುವೆಯಾದಳು, ಒಳ್ಳೆಯವನು, ಮಾತು ಕಡಿಮೆ. ಎಷ್ಟೋ ವರ್ಷದ ಮೇಲೆ ಬ್ಯೂಟ್‌ನ ಹಳೆಯ ಬಾಡಿಗೆಯವನೊಬ್ಬ ಬಂದರಿನಲ್ಲಿ ಸಿಕ್ಕಿದ. ನೆಲ್‌ಗೆ ಆ ಚಳಿಗಾಲದಲ್ಲೇ ಮಗು ಹೋಯಿತು, ಬಿಸಿನೀರಿನ ಹಂಡೆ ಎತ್ತುವಾಗ ಜಾರಿ ಬಿದ್ದಳು, ಆಮೇಲೆ ಮಕ್ಕಳೇ ಆಗಲಿಲ್ಲ ಎಂದ.

"ಬಸುರಿಗೆ ಹಂಡೆ ಎತ್ತು ಅಂದೋರು ಯಾರು?" ಎಂದು ಕೇಳಿದಳು ಡೀಲಿಯಾ.

"ಇನ್ಯಾರು, ನಿಮ್ ಚಿಕ್ಕಮ್ಮ."

ಡೀಲಿಯಾ ತಲೆಯಾಡಿಸಿದಳು. ಪೇಟೆಯಲ್ಲಿ ಮೀನು ಕೊಂಡು ಮನೆಗೆ ಹೋಗಿ ಅಡುಗೆ ಮಾಡಿದಳು. "ಯಾಕೆ ಸಪ್ಪಗಿದ್ದೀಯ?" ಎಂದು ಗಂಡ ಕೇಳಿದ.

"ಬ್ಯೂಟ್‌ನವನೊಬ್ಬ ಸಿಕ್ಕಿದ್ದ" ಎಂದಷ್ಟೇ ಹೇಳಿ, ಅವನ ತಟ್ಟೆಗೆ ಬಡಿಸಿದಳು. ತನಗೊಬ್ಬಳು ತಂಗಿ ಇರುವ ಸಂಗತಿಯನ್ನು ಅವಳು ಅವನಿಗೆ ಎಂದೂ ಹೇಳಿರಲಿಲ್ಲ.