ಲೆಂಪಿಯ ಒಲೆ ಮಾರಾಟಕ್ಕಿದೆ

ನನ್ನ ಕಾರ್ಯಕ್ರಮದಲ್ಲಿ ರಾಜಕೀಯಕ್ಕೆ ಜಾಗವಿಲ್ಲ. ದಿನಾ ಬೆಳಿಗ್ಗೆ ಒಂಬತ್ತಕ್ಕೆ ರೇಡಿಯೊದಲ್ಲಿ ನಾನು ನಡೆಸುವ 'ಕೊಡೋದು ಕೊಳ್ಳೋದು' ಕಾರ್ಯಕ್ರಮಕ್ಕೆ ಊರಿನವರು ಫೋನ್ ಮಾಡಿ ಹಳೆಯ ಫ್ರಿಜ್ಜು, ದೋಣಿ, ಮದುವೆಯ ಗೌನು, ಹೀಗೆ ಮನೆಯಲ್ಲಿ ಬೇಡವಾದದ್ದನ್ನೆಲ್ಲ ಮಾರುತ್ತಾರೆ. ಮಾರಾಟವಾಯಿತು ಎಂದು ಅವರೇ ಮತ್ತೆ ಫೋನ್ ಮಾಡಿ ಹೇಳುವವರೆಗೆ ನಾನು ಆ ವಸ್ತುವಿನ ಹೆಸರನ್ನು ದಿನವೂ ಓದುತ್ತೇನೆ. ನಡುವೆ ಯಾರಾದರೂ ರಾಜಕೀಯ ಎತ್ತಿದರೆ ಗುಂಡಿ ಒತ್ತಿ ಫೋನ್ ಕಟ್ ಮಾಡುತ್ತೇನೆ. ಈ ವರ್ನಾಳ ಸಿಡುಕು ಸುಪೀರಿಯರ್ ಸರೋವರದ ಈ ದಂಡೆಯಲ್ಲೆಲ್ಲ ಪ್ರಸಿದ್ಧ. ಅದಕ್ಕೆ ನನಗೇನೂ ನಾಚಿಕೆಯಿಲ್ಲ.

ಅಧ್ಯಕ್ಷರ ಅವಧಿಯ ನಡುವೆ ಸಂಸತ್ತಿಗೆ ನಡೆಯುವ ಮಧ್ಯಾವಧಿ ಚುನಾವಣೆಯ ಅಕ್ಟೋಬರ್ ಬಂತೆಂದರೆ ಮಾತ್ರ ನನ್ನ ಆಟ ಅಷ್ಟಾಗಿ ನಡೆಯುವುದಿಲ್ಲ. ನನ್ನ ಕಾರ್ಯಕ್ರಮದ ಹಿಂದೆ ಮುಂದೆ ಎರಡೂ ಪಕ್ಷಗಳ ಜಾಹೀರಾತು ಸುರಿಯುತ್ತದೆ. ಮೊಟ್ಟೆ ತುಟ್ಟಿಯಾದದ್ದು ಅವರಿಂದ ಎಂದು ಇವರು, ಮಾಂಸ ತುಟ್ಟಿಯಾದದ್ದು ಇವರಿಂದ ಎಂದು ಅವರು. ಆ ವರ್ಷ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿತ್ತು. ರೇಡಿಯೊ ನಿಲಯದ ಮಾಲೀಕ ಮಾತ್ರ ಜಾಹೀರಾತಿನ ದುಡ್ಡು ಎಣಿಸುತ್ತ ಶಿಳ್ಳೆ ಹಾಕಿಕೊಂಡು ಓಡಾಡುತ್ತಿದ್ದ.

ಅಂಥ ಒಂದು ಸೋಮವಾರ ಲೆಂಪಿ ಫೋನ್ ಮಾಡಿದಳು.

"ವರ್ನಾ, ಒಂದು ಒಲೆ ಮಾರೋಕಿದೆ ಕಣೆ. ದೊಡ್ಡದು. ಒಳಗೆ ಬೇಯಿಸೋಕೆ ಮೂರು ಅಂತಸ್ತು ಇದೆ. ಚೆನ್ನಾಗೇ ಉರಿಯುತ್ತೆ."

"ಯಾವ ಒಲೆ?"

"ನನ್ನ ಹತ್ರ ಇರೋದು ಒಂದೇ ಅಲ್ವಾ?"

ಲೆಂಪಿಯ ಒಲೆ ಎಂದರೆ ಲೆಂಪಿಯ ಪ್ಯಾಸ್ಟಿ ಅಂಗಡಿ. ನಮ್ಮ ಅಜ್ಜಂದಿರು ತಾಮ್ರದ ಗಣಿಗೆ ಇಳಿಯುವಾಗ ಜೇಬಿನಲ್ಲಿ ಬಿಸಿಬಿಸಿಯಾಗಿ ಒಯ್ಯುತ್ತಿದ್ದ, ಮಾಂಸ, ಆಲೂಗಡ್ಡೆ, ರುಟಬೇಗಾ ಗಡ್ಡೆ ತುಂಬಿದ ಆ ದೊಡ್ಡ ಕಡುಬನ್ನು ಈಗಲೂ ಕೈಯಲ್ಲೇ ಮಡಚಿ ಬೇಯಿಸುವವಳು ಅವಳೊಬ್ಬಳೇ. ಅವಳ ತಾಯಿಯ ಕಾಲದಿಂದ ಆ ಒಲೆ ಉರಿದಿದೆ. ನಾನು ಅದನ್ನು ಓದಿ ಮುಂದಿನ ಫೋನ್ ಎತ್ತಿದೆ.

ಅತ್ತ ವೇಯ್ನ್ ಪಾಸ್ಕೋ ಇದ್ದ. ರಿಪಬ್ಲಿಕನ್ನರ ಊರ ಮುಖಂಡ. "ಹಿಮ ತಳ್ಳೋ ಯಂತ್ರ ಒಂದಿದೆ ವರ್ನಾ. ಅಂದಹಾಗೆ, ಲೆಂಪಿ ಗತಿ ನೋಡಿದ್ಯಲ್ಲ, ಆ ಡೆಮಾಕ್ರಟ್‌ಗಳು ತಂದಿಟ್ಟುಹೋದ ಬೆಲೆ ಏರಿಕೆ..." ಗುಂಡಿ ಒತ್ತಿದೆ. ಮುಂದಿನವಳು ಡೋರೀನ್ ಟ್ರೆಲೋರ್, ಡೆಮಾಕ್ರಟರ ಮುಖಂಡೆ. "ಕಂಬಳಿ ನೇಯೋ ಮಗ್ಗ ಇದೆ. ಲೆಂಪಿ ಒಲೆ ಆರಿಸಿದ್ದು ಈ ರಿಪಬ್ಲಿಕನ್ನರು ಹಾಕಿದ ಆಮದು ಸುಂಕ ಅಂತ..." ಅವಳದ್ದನ್ನೂ ಒತ್ತಿದೆ.

ಮಧ್ಯಾಹ್ನ ಅಂಗಡಿಗೆ ಹೋದರೆ ಇಬ್ಬರೂ ನನಗಿಂತ ಮೊದಲೇ ಬಂದು ಕೌಂಟರಿಗೆ ಒರಗಿ ನಿಂತಿದ್ದರು. ಕುರ್ಚಿಗಳೆಲ್ಲ ಖಾಲಿ. ಲೆಂಪಿ ಹಿಟ್ಟು ಲಟ್ಟಿಸುತ್ತಿದ್ದಳು.

"ಗುರುವಾರ ಅಭ್ಯರ್ಥಿಗಳ ಚರ್ಚೆಗೆ ಬಂದು ವೇದಿಕೆ ಮೇಲೆ ಎರಡೇ ಮಾತು ಹೇಳು ಲೆಂಪಿ" ಎನ್ನುತ್ತಿದ್ದ ವೇಯ್ನ್. "ಯಾರ ದೆಸೆಯಿಂದ ಅಂಗಡಿ ಮುಚ್ತಿದೆ ಅಂತ ಜನಕ್ಕೆ ಗೊತ್ತಾಗ್ಲಿ."

"ಅವಳ್ಯಾಕೆ ನಿನ್ನ ಸುಳ್ಳು ಹೇಳ್ತಾಳೆ?" ಎಂದಳು ಡೋರೀನ್. "ಲೆಂಪಿ, ನಾಳೆ ಕ್ಯಾಮೆರಾದವರನ್ನ ಕಳಿಸ್ತೀನಿ. ನೀನು ಸುಮ್ನೆ ಆರಿದ ಒಲೆ ಮುಂದೆ ನಿಂತ್ಕೊ, ಸಾಕು."

"ಒಲೆ ಇನ್ನೂ ಆರಿಲ್ಲ" ಎಂದಳು ಲೆಂಪಿ. "ಮಾಂಸ ತುಟ್ಟಿ ಆಗಿದೆ, ನಿಜ. ಗ್ಯಾಸೂ, ಹಿಟ್ಟೂ, ತಟ್ಟೇನೂ ತುಟ್ಟಿ ಆಗಿದೆ, ಅದೂ ನಿಜ. ಹೆಂಗೋ ಎಳೀತಿದ್ದೆ. ನೀವಿಬ್ರೂ ಒಂದು ಮಾತು ಹೇಳಿ. ಕೊನೇ ಸಲ ಇಲ್ಲಿ ಪ್ಯಾಸ್ಟಿ ತಿಂದಿದ್ದು ಯಾವಾಗ?"

ವೇಯ್ನ್ ಕೆಮ್ಮಿದ. ಡೋರೀನ್ ಕನ್ನಡಕ ಒರೆಸಿದಳು.

"ನಿಮ್ಮಿಬ್ರ ಆಫೀಸಿಗೂ ದಿನಾ ಹೆದ್ದಾರಿ ಕಡೆಯಿಂದ ಪಿಜ್ಜಾ ಡಬ್ಬ ಬರುತ್ತೆ. ನನ್ನ ಕಿಟಕೀಲಿ ಕಾಣಲ್ಲ ಅಂದ್ಕೊಂಡ್ರಾ?"

"ಮತ್ತಿನ್ನೇನ್ ಮಾಡ್ಲಿ?" ವೇಯ್ನ್ ಸಿಡಿದ. "ಆ ಹೆಂಗಸಿನ ಫೋಟೋ ಗೋಡೆ ಮೇಲೆ ಇಟ್ಕೊಂಡು ನಮ್ಮೋರು ಬಂದು ತಿನ್ನಬೇಕಾ?"

"ನಮ್ಮೋರು ಬರದೇ ಇರೋದೂ ಅದಕ್ಕೇ" ಎಂದುಬಿಟ್ಟಳು ಡೋರೀನ್. "ಮೊದಲು ಆ ಮನುಷ್ಯನ ಫೋಟೋ ತೆಗಿ."

ನಾನು ಗೋಡೆಯತ್ತ ನೋಡಿದೆ. ಎಡಕ್ಕೆ ಈಗಿನ ರಿಪಬ್ಲಿಕನ್ ಸಂಸದ ಕೆಚಪ್ ಹಾಕಿದ ಪ್ಯಾಸ್ಟಿಯನ್ನು ಬಾಯಿಗಿಟ್ಟುಕೊಂಡು ನಗುತ್ತಿದ್ದ. ಬಲಕ್ಕೆ ಅವನ ಎದುರಾಳಿ ಡೆಮಾಕ್ರಟ್ ಹೆಂಗಸು ಗ್ರೇವಿ ಸುರಿದ ಪ್ಯಾಸ್ಟಿಯ ಮುಂದೆ ಕೂತಿದ್ದಳು. ಪ್ಯಾಸ್ಟಿಗೆ ಏನು ಹಾಕಿಕೊಳ್ಳಬೇಕು ಎಂಬುದಕ್ಕೂ ನಮ್ಮ ಕಡೆ ಎರಡು ಪಕ್ಷ ಉಂಟು, ಆದರೆ ಕೆಚಪ್ಪಿನವರು ಗ್ರೇವಿಯವರ ಮನೆಗೆ ಹೆಣ್ಣು ಕೊಡದೆ ಇದ್ದದ್ದಿಲ್ಲ. ಜೂನ್‌ನಲ್ಲಿ ಅವನು ಬಂದು ತಿಂದು ಫೋಟೋ ಹೊಡೆಸಿಕೊಂಡು ಹೋದ. ಡೆಮಾಕ್ರಟರು ಬರುವುದು ನಿಂತಿತು. ಆಗಸ್ಟ್‌ನಲ್ಲಿ ಅವಳು ಬಂದು ತಿಂದು ಹೋದಳು. ರಿಪಬ್ಲಿಕನ್ನರೂ ನಿಂತರು. ಹೀಗೆ ಎರಡು ಫೋಟೋ ಸೇರಿ ಅಂಗಡಿಯನ್ನು ಪೂರ್ತಿ ಖಾಲಿ ಮಾಡಿದ್ದವು.

"ಎರಡನ್ನೂ ಕಿತ್ತು ಬಿಸಾಕೆ ಮಾರಾಯ್ತಿ!" ಎಂದೆ ನಾನು.

"ಯಾಕೆ ಕೀಳ್ಬೇಕು?" ಲೆಂಪಿ ಲಟ್ಟಣಿಗೆ ನಿಲ್ಲಿಸಲಿಲ್ಲ. "ಹಸಿದು ಬಂದ್ರು, ಬಡಿಸಿದೆ. ನನ್ನ ಅಂಗಡೀಲಿ ಯಾರು ತಿಂದ್ರು ಅಂತ ಮುಚ್ಚಿಡೋ ಕರ್ಮ ನಂಗಿಲ್ಲ. ಗೋಡೆ ನಂದು."

ಗುರುವಾರ, ಫಿನ್‌ಲ್ಯಾಂಡಿನಿಂದ ಬಂದ ಹಿರಿಯರು ಕಟ್ಟಿದ ಫಿನ್ನಿಶ್ ಹಾಲ್ ತುಂಬಿ ತುಳುಕುತ್ತಿತ್ತು. ನಡುವಿನ ದಾರಿಯ ಈ ಕಡೆ ಒಂದು ಪಕ್ಷ, ಆ ಕಡೆ ಒಂದು ಪಕ್ಷ, ಗಂಡನ ಮನೆಯವರು ಹೆಣ್ಣಿನ ಮನೆಯವರು ಕೂತ ಹಾಗೆ. ಚರ್ಚೆ ನಡೆಸುವ ಪಾಡು ನನ್ನದು. ವಿಷಯ ಆರ್ಥಿಕತೆ. ಅಭ್ಯರ್ಥಿಗಳಿಬ್ಬರೂ ಒಳ್ಳೆ ಮಾತುಗಾರರೇ. ಉದ್ಯೋಗ ಹೆಚ್ಚಿದೆ ಎಂದು ಅವನು ಒಂದು ಅಂಕಿ ಎಸೆದರೆ, ಸಂಬಳ ಸಾಲುತ್ತಿಲ್ಲ ಎಂದು ಅವಳು ಇನ್ನೊಂದು ಎಸೆಯುತ್ತಿದ್ದಳು. ಒಂದು ಕಡೆ ಚಪ್ಪಾಳೆ ಎದ್ದರೆ ಇನ್ನೊಂದು ಕಡೆ ಗೊರಕೆಯ ನಾಟಕ.

ಕೊನೆಗೆ ಸಂಸದ ಧ್ವನಿ ತಗ್ಗಿಸಿ, "ಇದೇ ಊರಲ್ಲಿ ಒಬ್ಬ ಬಡ ಹೆಂಗಸು ತನ್ನ ಒಲೆ ಮಾರ್ತಿದ್ದಾಳೆ. ಯಾರ ತಪ್ಪಿನಿಂದ?" ಎಂದು ಎದುರಾಳಿಯ ಕಡೆ ಬೆರಳು ಮಾಡಿದ.

"ಅದೇ ಹೆಂಗಸಿನ ಪರವಾಗಿ ನಾನೂ ಕೇಳ್ತೀನಿ" ಎಂದಳು ಎದುರಾಳಿ, ಅವನ ಕಡೆ ಬೆರಳು ಮಾಡಿ.

ಹಿಂದಿನ ಸಾಲಿನಲ್ಲಿ ಕುರ್ಚಿ ಕಿರುಗುಟ್ಟಿತು. ಲೆಂಪಿ ಎದ್ದು ನಿಂತಿದ್ದಳು. ಏಪ್ರನ್ ಕೂಡ ಬಿಚ್ಚಿರಲಿಲ್ಲ.

"ಆ ಹೆಂಗಸು ಇಲ್ಲೇ ಇದೀನಿ" ಎಂದಳು. "ನಾನು ಮಾರೋಕೆ ಇಟ್ಟಿದ್ದು ಒಲೇನ. ನನ್ನನ್ನಲ್ಲ."

ಸಭಿಕರು ಮಾತಾಡಬಾರದೆಂಬ ನಿಯಮ ಇತ್ತು. ಅದನ್ನು ನಾನೇ ಓದಿ ಹೇಳಿದ್ದೆ. ನಾನು ಕೈ ಕಟ್ಟಿ ಕೂತೆ.

"ನೀವಿಬ್ರೂ ನನ್ನ ಅಂಗಡೀಲಿ ತಿಂದು ಚೆನ್ನಾಗಿದೆ ಅಂದ್ರಿ. ಸಂತೋಷ. ನೀವು ತಿಂದ್ರಿ ಅಂತ ಅರ್ಧ ಊರು ಹೋಯ್ತು. ಅವರು ತಿಂದ್ರು ಅಂತ ಇನ್ನರ್ಧ ಹೋಯ್ತು. ಬೆಲೆ ಏರಿದ್ದಕ್ಕೆ ನೀವು ಏನಾದ್ರೂ ಮಾಡಿ, ವಾಷಿಂಗ್ಟನ್‌ಗೆ ಹೋಗೋದೇ ಅದಕ್ಕಲ್ವಾ? ಆದ್ರೆ ಇದು ಬೆಲೆ ಅಲ್ಲ." ಅವಳು ನಮ್ಮೆಲ್ಲರ ಕಡೆ ತಿರುಗಿದಳು. "ಇದು ನೀವು. ನಿಮ್ಮ ಅಪ್ಪ ಸತ್ತಾಗ, ವೇಯ್ನ್, ಮನೆಗೆ ಯಾರು ಪ್ಯಾಸ್ಟಿ ತಂದ್ರು? ಡೋರೀನ್, ನಿನ್ನ ಮದುವೆ ದಿನ ಹಿಮ ಬಿದ್ದು ಅಡುಗೆಯವರು ಬರ್ಲಿಲ್ಲ, ಯಾರು ಬೇಯಿಸಿದ್ರು? ನಾಳೆ ಬೆಳಿಗ್ಗೆ ಆರು ಗಂಟೆಗೆ ಅಂಗಡಿ ತೆಗೀತೀನಿ. ಇಡೀ ಊರಿಗೆ ಆಗೋಷ್ಟು ಬೇಯಿಸ್ತೀನಿ. ಬರೋದಿದ್ರೆ ಬನ್ನಿ. ಬರದೇ ಇದ್ರೆ ಆರ್ಥಿಕತೆ ಅನ್ನಬೇಡಿ."

ಅವಳು ಕೂರಲಿಲ್ಲ, ಬಾಗಿಲು ತೆಗೆದು ಹೊರಟೇ ಹೋದಳು. ಚಪ್ಪಾಳೆ ಬರಲಿಲ್ಲ. ಯಾರು ಮೊದಲು ತಟ್ಟಬೇಕೆಂದು ಎರಡೂ ಕಡೆಯವರಿಗೆ ಗೊತ್ತಾಗಲಿಲ್ಲ ಎಂದು ಕಾಣುತ್ತದೆ.

ಮಾರನೆಯ ದಿನ ಊರಿಗೆ ಊರೇ ಬಂತು ಎಂದು ಬರೆಯಲು ನನಗೂ ಆಸೆ. ಬಂದದ್ದು ನಾನು, ಪಾದ್ರಿ, ಅಂಚೆಯವನು, ಮತ್ತೆ ದಾರಿ ತಪ್ಪಿದ ಇಬ್ಬರು ಪ್ರವಾಸಿಗರು. ಒಲೆಯ ಅಂತಸ್ತುಗಳ ತುಂಬ ಪ್ಯಾಸ್ಟಿ ಹೊಂಬಣ್ಣಕ್ಕೆ ಬಂದು ಕೂತಿತ್ತು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಲೆಂಪಿಗೆ ಎರಡೂ ಬರಲಿಲ್ಲ. ಮಧ್ಯಾಹ್ನವಾಗುತ್ತಲೇ ಪೆಟ್ಟಿಗೆಗಳಲ್ಲಿ ತುಂಬಿ, "ಆ ಕಡೆ ಹಿಡ್ಕೊ" ಎಂದಳು.

ಮೊದಲು ವೇಯ್ನ್‌ನ ಆಫೀಸು. ಪಿಜ್ಜಾ ಡಬ್ಬಗಳನ್ನು ಪಕ್ಕಕ್ಕೆ ತಳ್ಳಿ ಅವಳು ಪೆಟ್ಟಿಗೆ ಇಟ್ಟಳು.

"ಚುನಾವಣೆವರೆಗೂ ನನ್ನ ಹೆಸರು ಹೇಳ್ಕೊಂಡು ಓಡಾಡ್ತೀರಿ ತಾನೆ? ಅಲ್ಲಿವರೆಗೂ ನನ್ನದನ್ನೇ ತಿನ್ನಿ. ಪುಕ್ಕಟೆ ಅಲ್ಲ. ದುಡ್ಡು ತೆಗಿ."

ಆಫೀಸಿನಲ್ಲಿದ್ದವರ ಮೂಗು ಆಗಲೇ ಪೆಟ್ಟಿಗೆಯ ಕಡೆ ತಿರುಗಿತ್ತು. ವೇಯ್ನ್ ದುಡ್ಡು ತೆಗೆದ. ಅಲ್ಲಿಂದ ರಸ್ತೆ ದಾಟಿ ಡೋರೀನ್‌ಳ ಆಫೀಸಿನಲ್ಲಿ ಅದೇ ಮಾತು, ಅಷ್ಟೇ ದರ.

"ಅವನು ಕೊಟ್ನಾ?" ಎಂದಳು ಡೋರೀನ್ ಕಣ್ಣು ಕಿರಿದು ಮಾಡಿ.

"ಕೊಟ್ಟ."

"ಹಂಗಾದ್ರೆ ನಂಗೆ ನಾಳೆಗೂ ಬೇಕು."

ಶನಿವಾರವೂ ಅವಳು ಅಷ್ಟೇ ಬೇಯಿಸಿದಳು, ಎರಡೂ ಆಫೀಸಿನವರು ಪೈಪೋಟಿಯ ಮೇಲೆ ಕೊಂಡರು. ಇಡೀ ವಾರ ನಾನು ಹಲ್ಲು ಕಚ್ಚಿಕೊಂಡು ದಿನವೂ 'ಲೆಂಪಿಯ ಒಲೆ, ಮೂರು ಅಂತಸ್ತು, ಚೆನ್ನಾಗಿ ಉರಿಯುತ್ತದೆ' ಎಂದು ಓದುತ್ತಲೇ ಇದ್ದೆ. ನಿಯಮ ನಿಯಮವೇ.

ಸೋಮವಾರ ಮೊದಲ ಫೋನ್ ಅವಳದು. "ವರ್ನಾ, ಒಲೆ ಮಾರಾಟ ಆಯ್ತು. ಇನ್ನು ಓದಬೇಡ."

ಹೋಯಿತಲ್ಲ ಎಂದುಕೊಂಡೆ. "ಯಾರು ತಗೊಂಡ್ರು?"

"ನಾನೇ" ಎಂದಳು. "ಮುಂದಿನ ತಿಂಗಳು ಜಿಂಕೆ ಬೇಟೆಗೆ ಹೋಗೋರು ಈಗ್ಲೇ ಪ್ಯಾಸ್ಟಿ ಕೇಳೋಕೆ ಶುರು ಮಾಡಿದಾರೆ. ರುಟಬೇಗಾ ಸಿಪ್ಪೆ ತೆಗೆಯೋರು ಬೇಕಾಗಿದ್ದಾರೆ ಅಂತ ಓದು. ಯಾವ ಪಕ್ಷದೋರಾದ್ರೂ ಸರಿ, ಕೈ ಚುರುಕಾಗಿರ್ಬೇಕು."

ಫೋನಿನ ದೀಪಗಳೆಲ್ಲ ಒಟ್ಟಿಗೆ ಮಿನುಗಿದವು. ಮೊದಲನೆಯದನ್ನು ಎತ್ತಿದೆ. ವೇಯ್ನ್. ಇದು ತಮ್ಮ ಪಕ್ಷದ ನೀತಿಯ ಫಲ ಎನ್ನುತ್ತಾನೆಂದು ನನ್ನ ಬೆರಳು ತಾನಾಗಿಯೇ ಗುಂಡಿಯ ಮೇಲೆ ಹೋಗಿ ಕೂತಿತು.

"ವರ್ನಾ, ಕಟ್ ಮಾಡ್ಬೇಡ, ರಾಜಕೀಯ ಅಲ್ಲ" ಎಂದ ಅವನು. "ನಾಳೆ ಲೆಂಪಿ ಆರಕ್ಕೇ ತೆಗೀತಾಳಾ? ಡೋರೀನ್‌ಗಿಂತ ಮುಂಚೆ ಲೈನಲ್ಲಿ ನಿಂತ್ಕೋಬೇಕು."